ಕತ್ತಿಗೆ ಚಿಕಿತ್ಸೆ, ಮುಖಕ್ಕೆ ಫಲ



ಕನ್ನಡಿಯ ಮುಂದೆ ನಿಂತು ನಿಮ್ಮ ಮುಖವನ್ನು ಎಡಕ್ಕೆ ತಿರುಗಿಸಿ. ಕತ್ತಿನ ಬಲಭಾಗದಲ್ಲಿ, ಕಿವಿಯ ಹಿಂಬದಿಯಿಂದ ಎದೆಯ ಮೇಲ್ತುದಿಯವರೆಗೆ, ಒಂದು ಸ್ನಾಯು ಹಗ್ಗದಂತೆ ಉಬ್ಬಿ ಕಾಣುತ್ತದೆ. ಇದರ ಹೆಸರು ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್. ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಒಂದು ಬದಿಯ ಈ ಸ್ನಾಯು ನಾರುಗಟ್ಟಿ ಗಿಡ್ಡವಾಗಿರುತ್ತದೆ. ಬಲಗಡೆಯದು ಗಿಡ್ಡವಾಗಿದ್ದರೆ ತಲೆ ಬಲಕ್ಕೆ ವಾಲುತ್ತದೆ, ಗಲ್ಲ ಎಡಕ್ಕೆ ತಿರುಗುತ್ತದೆ. ಇದಕ್ಕೆ ವೈದ್ಯರು ಟಾರ್ಟಿಕೋಲಿಸ್ ಎನ್ನುತ್ತಾರೆ. ತಿರುಚಿದ ಕತ್ತು ಎಂದು ಇದರ ಅರ್ಥ.

ತೊಂದರೆ ಇರುವುದು ಕತ್ತಿನಲ್ಲಿ. ಆದರೆ ಅದರ ಪರಿಣಾಮ ಮುಖದ ಮೇಲೂ ಆಗುತ್ತದೆ. ಹೇಗೆ?

ಮಗುವಿನ ಮೂಳೆಗಳು ಬೆಳೆಯುತ್ತಿರುವ ಮೂಳೆಗಳು. ಅವುಗಳ ಮೇಲೆ ಯಾವ ಕಡೆಯಿಂದ ಎಳೆತ, ಒತ್ತಡ ಬೀಳುತ್ತದೆಯೋ ಅದಕ್ಕೆ ತಕ್ಕಂತೆ ಅವು ರೂಪ ತಳೆಯುತ್ತವೆ. ವಾಲಿದ ಬದಿಯ ಕೆನ್ನೆ ಚಪ್ಪಟೆಯಾಗಬಹುದು. ಎರಡು ಕಣ್ಣುಗಳನ್ನು ಸೇರಿಸುವ ಗೆರೆ ಮತ್ತು ತುಟಿಯ ಗೆರೆ ಸಮಾನಾಂತರವಾಗಿರದೆ ಆ ಬದಿಗೆ ಹತ್ತಿರವಾಗುತ್ತಾ ಹೋಗುತ್ತವೆ. 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ, ಮಕ್ಕಳ ದೇಹದ ವಕ್ರತೆಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಗೂಟಕ್ಕೆ ಕಟ್ಟಿದ ಸೊಟ್ಟ ಗಿಡವೊಂದರ ಚಿತ್ರವಿದೆ. ಅದು ಇಂದಿಗೂ ಮೂಳೆ ವೈದ್ಯರ ಲಾಂಛನ. ಗಿಡ ಎಳೆಯದಾಗಿರುವಾಗಲೇ ನೆಟ್ಟಗೆ ಮಾಡಬೇಕು ಎಂಬುದೇ ಅದರ ತಾತ್ಪರ್ಯ.

ಅದೃಷ್ಟವಶಾತ್, ಮೊದಲ ತಿಂಗಳುಗಳಲ್ಲೇ ಗುರುತಿಸಿದರೆ ಹೆಚ್ಚಿನ ಶಿಶುಗಳು ವೈದ್ಯರು ಕಲಿಸಿದ ನಿಧಾನವಾದ ವ್ಯಾಯಾಮದಿಂದಲೇ ಗುಣವಾಗುತ್ತವೆ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿಯೂ ಸ್ನಾಯು ಸಡಿಲಗೊಳ್ಳದ ಕೆಲವೇ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸ್ನಾಯುವಿನ ಬಿಗಿದ ತುದಿಯನ್ನು ಕತ್ತರಿಸಿ ಬಿಡಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಮುಖವನ್ನು ವೈದ್ಯರು ಮುಟ್ಟುವುದೇ ಇಲ್ಲ. ಎಳೆತ ತಪ್ಪಿದ ಮೇಲೆ ಮುಂದಿನ ವರ್ಷಗಳಲ್ಲಿ ಮುಖವನ್ನು ಸರಿಪಡಿಸುವುದು ಮಗುವಿನ ಬೆಳವಣಿಗೆಯೇ.

ಆದ್ದರಿಂದ ಇಲ್ಲಿ ಕಾಲವೇ ಮುಖ್ಯ. ಐದಾರು ವರ್ಷದ ಹೊತ್ತಿಗೆ ತಲೆಬುರುಡೆಯ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ. ದವಡೆಯ ಬೆಳವಣಿಗೆ ಹದಿಹರೆಯದವರೆಗೂ ನಡೆಯುತ್ತದೆ. ಬೆಳೆಯುವ ವರ್ಷಗಳು ಎಷ್ಟು ಉಳಿದಿವೆಯೋ ಅಷ್ಟು ಸುಧಾರಣೆಗೆ ಅವಕಾಶ. ದೊಡ್ಡವರಾದ ಮೇಲೂ ಶಸ್ತ್ರಚಿಕಿತ್ಸೆಯಿಂದ ಕತ್ತಿನ ಚಲನೆ ಸುಧಾರಿಸಬಹುದು, ಆದರೆ ಮುಖದ ಮೂಳೆಗಳ ಓರೆ ಹೆಚ್ಚಾಗಿ ಹಾಗೆಯೇ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯೊಂದಿಗೆ ಕೆಲಸ ಮುಗಿಯುವುದಿಲ್ಲ. ವಾಲಿದ ತಲೆಯನ್ನೇ ನೆಟ್ಟಗಿದೆ ಎಂದು ಮಗುವಿನ ಮಿದುಳು ಅಭ್ಯಾಸ ಮಾಡಿಕೊಂಡಿರುತ್ತದೆ. ಕನ್ನಡಿಯ ಮುಂದೆ ಕುಳಿತು ನೇರ ಯಾವುದು ಎಂಬುದನ್ನು ಅದು ಹೊಸದಾಗಿ ಕಲಿಯಬೇಕು. ತಿಂಗಳುಗಟ್ಟಲೆ ವ್ಯಾಯಾಮ ಮಾಡದಿದ್ದರೆ ಗಾಯದ ನಾರು ಮತ್ತೆ ಬಿಗಿಯಬಹುದು.

ಇನ್ನೊಂದು ಎಚ್ಚರಿಕೆ. ಓರೆಕತ್ತಿಗೆಲ್ಲ ಸ್ನಾಯುವೇ ಕಾರಣವಲ್ಲ. ಕಣ್ಣಿನ ಸ್ನಾಯುವಿನ ದೌರ್ಬಲ್ಯದಿಂದಲೂ ತಲೆ ವಾಲಬಹುದು. 1912ರಲ್ಲಿ ಕ್ಲಿಪೆಲ್ ಮತ್ತು ಫೀಲ್ ಎಂಬ ಫ್ರೆಂಚ್ ವೈದ್ಯರು ವಿವರಿಸಿದ ವಿರಳ ಸ್ಥಿತಿಯಲ್ಲಿ ಕತ್ತಿನ ಮೂಳೆಗಳೇ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಆದ್ದರಿಂದ ಎಣ್ಣೆ ಹಚ್ಚಿ ನೀವುವಾಗ ಕೂಸಿನ ಕತ್ತನ್ನು ಬಲವಂತವಾಗಿ ತಿರುಗಿಸುವುದು ಅಪಾಯಕರ. ಮೊದಲು ವೈದ್ಯರ ಪರೀಕ್ಷೆ ಆಗಲಿ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಎಳೆಗೂಸೊಂದು ಯಾವಾಗಲೂ ಒಂದೇ ಕಡೆ ತಲೆ ವಾಲಿಸುತ್ತಿದ್ದರೆ, "ದೊಡ್ಡದಾದ ಮೇಲೆ ತಾನಾಗಿ ಸರಿಹೋಗುತ್ತದೆ" ಎಂದು ಹಿರಿಯರು ಹೇಳಬಹುದು. ನೀವು ಓದಿದವರು, ಇಂದು ತಿಳಿದದ್ದನ್ನು ವಿನಯದಿಂದ ಅವರಿಗೆ ತಿಳಿಸಿ. ತರಗತಿಯಲ್ಲಿ ಅಂಥ ಗೆಳೆಯನಿದ್ದರೆ ಅಡ್ಡಹೆಸರಿಟ್ಟು ಕರೆಯಬೇಡಿ. ಅವನ ಕತ್ತಿಗೆ ವೈದ್ಯರಿದ್ದಾರೆ. ಮನಸ್ಸಿಗೆ ಆಗುವ ಗಾಯವನ್ನು ತಪ್ಪಿಸುವುದು ನಿಮ್ಮ ಕೈಯಲ್ಲಿದೆ.