ನಮ್ಮ ಲೋಗೋ, ನಿಮ್ಮ ಪರದೆ



2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 28 ಪರ್ಸೆಂಟಿನಿಂದ 18ಕ್ಕೆ ಇಳಿದಿದೆ. ಈ ಸುದ್ದಿಯನ್ನ ನಾವೇ ದಿನಕ್ಕೆ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. 32 ಇಂಚಿನವರೆಗಿನ ಟಿವಿಗೆ ಮೊದಲೇ 18 ಇತ್ತು, ಅದಕ್ಕಿಂತ ದೊಡ್ಡದಕ್ಕೆ ಮಾತ್ರ ಈ ಇಳಿಕೆ. ತೆರಿಗೆ ಬಿಟ್ಟು 50,000 ರೂಪಾಯಿಯ ಟಿವಿ ಅಂದುಕೊಳ್ಳಿ. ಮೊದಲು 64,000 ಕೊಡಬೇಕಿತ್ತು, ಈಗ 59,000. ಐದು ಸಾವಿರ ಉಳೀತು. ಆಗ ದೀಪಾವಳಿ ಬೇರೆ ಎದುರಿಗಿತ್ತು, ಅಂಗಡಿಗಳ ಮುಂದೆ ಜನ ನಿಂತಿದ್ದರು. ಆದರೆ ನಿಂತವರಿಗೆ ಯಾವ ಪರದೆ ತಗೋಬೇಕು ಅನ್ನೋದನ್ನ ಮಾತ್ರ ನಾವು ಸುದ್ದಿ ಚಾನೆಲಿನವರು ಹೇಳಲಿಲ್ಲ. ಹೇಳಿದರೆ ನಮ್ಮ ಬುಡಕ್ಕೇ ಬರುವ ಒಂದು ವಿಷಯ ಅದರಲ್ಲಿದೆ. ಇವತ್ತು ಅದನ್ನೇ ಮಾತಾಡೋಣ.

ಸೊರಬದಿಂದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದ್ದರು. ಮನೆಗೆ ಒಂದೇ ಟಿವಿ, ಮೂರು ಜನರ ಮೂರು ಮಾತು. ಬೆಂಗಳೂರಿನಲ್ಲಿರುವ ಮಗ, "ಅಪ್ಪಾ, ದುಡ್ಡು ನಾನು ಕೊಡ್ತೀನಿ, ಓಎಲ್‌ಇಡಿನೇ ತಗೊಳ್ಳಿ, ಸಿನಿಮಾ ನೋಡಿದ್ರೆ ಅದರಲ್ಲಿ ನೋಡಬೇಕು" ಅಂತಾನೆ. ಅಜ್ಜನ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿರುವ ಮಗಳ ಮಗನಿಗೆ ಪ್ಲೇಸ್ಟೇಷನ್ ಬಂದಿದೆ, ಅವನಿಗೆ 120 ಹರ್ಟ್ಸ್ ಬೇಕು. ಅಂಗಡಿಯವನು ಕ್ಯೂಎಲ್‌ಇಡಿ ತೋರಿಸಿ "ಇದೂ ಅದೇ ಸರ್, ರೇಟು ಮಾತ್ರ ಕಡಿಮೆ" ಅಂದಿದ್ದಾನೆ. ಮೇಷ್ಟ್ರ ಚಿಂತೆ ಬೇರೆ. "ಮಗನಿಗೆ ಮನೆ ಸಾಲ ಇದೆ ಕಣಪ್ಪಾ. ಈಗೊಂದ್ಸಲ ಕೊಡ್ತಾನೆ. ಎರಡು ವರ್ಷಕ್ಕೆ ಹಾಳಾದ್ರೆ ಇನ್ನೊಂದ್ಸಲ ಕೇಳಕ್ಕೆ ನಂಗೆ ಮುಖ ಇಲ್ಲ" ಅಂದರು.

ಮೊದಲು ಅಂಗಡಿಯವನ ಮಾತು ತೆಗೆದುಕೊಳ್ಳೋಣ. ಇದೂ ಅದೂ ಒಂದೇ ಅಲ್ಲ. ಇಂಗ್ಲಿಷಿನ ಓ ಅಕ್ಷರಕ್ಕೆ ಒಂದು ಬಾಲ ಹಚ್ಚಿದರೆ ಕ್ಯೂ ಆಗುತ್ತೆ. ಹೆಸರಿನಲ್ಲಿ ಇರೋದು ಅಷ್ಟೇ ವ್ಯತ್ಯಾಸ, ಒಳಗಿರೋದು ಪೂರ್ತಿ ಬೇರೆ ಯಂತ್ರ.

ನಮ್ಮ ಮನೆಗಳಲ್ಲಿರುವ ಎಲ್‌ಇಡಿ ಟಿವಿ ಅಂದರೆ ಅಸಲಿಗೆ ಎಲ್‌ಸಿಡಿ. ಹಿಂದೆ ಒಂದು ಲೈಟು ಸದಾ ಉರಿಯುತ್ತಿರುತ್ತೆ. ಮುಂದೆ ಸಣ್ಣ ಸಣ್ಣ ಬಾಗಿಲುಗಳಿದ್ದ ಹಾಗೆ ದ್ರವಸ್ಫಟಿಕದ ಪದರ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು. ಕಪ್ಪು ಬೇಕಾದಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತೆ. ಹಳೇ ಮನೆಯ ಬಾಗಿಲು ನೋಡಿದ್ದೀರಲ್ಲ, ಎಷ್ಟು ಒತ್ತಿ ಮುಚ್ಚಿದರೂ ಸಂದಿಯಲ್ಲಿ ಬೆಳಕು ಸೋರುತ್ತೆ. ಹಾಗಾಗಿ ಇದರಲ್ಲಿ ಕಪ್ಪು ಅನ್ನೋದು ಯಾವತ್ತೂ ಬೂದಿ ಬಣ್ಣವೇ. ಕ್ಯೂಎಲ್‌ಇಡಿ ಕೂಡ ಇದೇ ಜಾತಿ. ನೀಲಿ ಬೆಳಕನ್ನು ಶುದ್ಧ ಕೆಂಪು, ಹಸಿರಾಗಿ ಬದಲಿಸುವ ಕ್ವಾಂಟಮ್ ಡಾಟ್ ಎಂಬ ಅತಿ ಸೂಕ್ಷ್ಮ ಕಣಗಳ ಹಾಳೆ ಒಂದು ಹೆಚ್ಚಿಗೆ ಇರುತ್ತೆ. 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಕಣಗಳ ಕೆಲಸಕ್ಕೇ. ಬಣ್ಣ ಚೆನ್ನಾಗಿ ಬರುತ್ತೆ, ಸುಳ್ಳಲ್ಲ. ಆದರೆ ಕಪ್ಪು ಅದರಿಂದ ಕಪ್ಪಾಗೋದಿಲ್ಲ.

ಓಎಲ್‌ಇಡಿಯಲ್ಲಿ ಹಿಂದೆ ಲೈಟೇ ಇಲ್ಲ. ಪ್ರತಿ ಚುಕ್ಕೆ ತಾನೇ ಉರಿಯುತ್ತೆ, ತಾನೇ ಆರುತ್ತೆ. ಆರಿದರೆ ಪೂರ್ತಿ ಕತ್ತಲೆ. 'ಕಾಂತಾರ'ದ ರಾತ್ರಿ ಕೋಲದ ದೃಶ್ಯ ನೆನಪಿಸಿಕೊಳ್ಳಿ. ಕಾಡಿನ ಕತ್ತಲು, ಅದರ ನಡುವೆ ಬೆಂಕಿಯ ಬೆಳಕು, ಬಣ್ಣ ಬಳಿದ ಮುಖ. ಸಾಧಾರಣ ಎಲ್‌ಇಡಿಯಲ್ಲಿ ಆ ಕತ್ತಲೆ ಮೇಲೆ ಯಾರೋ ಬೂದಿ ಉಗ್ಗಿದ ಹಾಗೆ ಕಾಣುತ್ತೆ. ಓಎಲ್‌ಇಡಿಯಲ್ಲಿ ಕತ್ತಲು ಕತ್ತಲಾಗೇ ಇರುತ್ತೆ, ಬೆಂಕಿ ಮಾತ್ರ ಎದ್ದು ಬರುತ್ತೆ. ಬಯಲಾಟದ ರಂಗಸ್ಥಳದ ಎದುರು ಚಾಪೆ ಹಾಸಿ ಕೂತು ಬೆಳಗು ಮಾಡಿದವರಿಗೆ ಆ ವ್ಯತ್ಯಾಸ ನಾನು ಹೇಳಬೇಕಿಲ್ಲ. ಸಿನಿಮಾ ಮಟ್ಟಿಗೆ ಮಗ ಹೇಳಿದ್ದು ನೂರಕ್ಕೆ ನೂರು ಸರಿ.

ಆಟದ ಮಟ್ಟಿಗೂ ಓಎಲ್‌ಇಡಿಯೇ ಮುಂದೆ. ನಮ್ಮ ಸೊರಬ, ಶಿಕಾರಿಪುರದ ಕಡೆ ದೀಪಾವಳಿ ಆದಮೇಲೆ ಹೋರಿ ಹಬ್ಬ. ಕೊಬ್ಬರಿ ಸರ, ಬಲೂನು ಕಟ್ಟಿಕೊಂಡು ಹೋರಿ ನುಗ್ಗುವ ವಿಡಿಯೋ ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಅಗ್ಗದ ಟಿವಿಯಲ್ಲಿ ಹಾಕಿ ನೋಡಿ. ಹೋರಿಯ ಹಿಂದೆ ಅದರದೇ ನೆರಳಿನಂಥ ಒಂದು ಬಾಲ ಎಳೆದುಕೊಂಡು ಹೋಗುತ್ತೆ. ದ್ರವಸ್ಫಟಿಕ ತಿರುಗೋಕೆ ಕೆಲವು ಮಿಲಿಸೆಕೆಂಡು ತಗೊಳ್ಳುತ್ತೆ, ಅದಕ್ಕೆ. ಓಎಲ್‌ಇಡಿ ಚುಕ್ಕೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆಯಲ್ಲಿ ಬದಲಾಗುತ್ತೆ.

ಮೊಮ್ಮಗನ 120 ಹರ್ಟ್ಸ್ ಅಂದರೆ ಸೆಕೆಂಡಿಗೆ 120 ಚಿತ್ರ. ಒಂದೊಂದಕ್ಕೆ 8.3 ಮಿಲಿಸೆಕೆಂಡು. 60 ಹರ್ಟ್ಸಿನಲ್ಲಿ ಇದರ ಎರಡರಷ್ಟು. ಪ್ಲೇಸ್ಟೇಷನ್ 5 ಆ 120 ಚಿತ್ರವನ್ನು 4ಕೆಯಲ್ಲಿ ಕಳಿಸಬೇಕಾದರೆ ಟಿವಿಯಲ್ಲಿ ಎಚ್‌ಡಿಎಂಐ 2.1 ಕಿಂಡಿ ಇರಬೇಕು, ಪರದೆಯೂ ನಿಜಕ್ಕೂ 120ರದ್ದೇ ಆಗಿರಬೇಕು. ಡಬ್ಬದ ಮೇಲೆ 'ಮೋಷನ್ 120' ಅಂತೇನೋ ಬರೆದಿರುತ್ತಾರೆ, ಒಳಗೆ 60ರ ಪರದೆ ಇರುತ್ತೆ. 'ನೇಟಿವ್ ರಿಫ್ರೆಶ್ ರೇಟ್ ಎಷ್ಟು' ಅಂತಲೇ ಕೇಳಿ. ಇನ್ನು ಗೇಮ್ ಮೋಡ್. ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಗುಂಡು ಹಾರುವುದಕ್ಕೂ ನಡುವಿನ ತಡ, ಗೇಮ್ ಮೋಡ್ ಹಾಕದಿದ್ದರೆ ಎಷ್ಟೋ ಟಿವಿಗಳಲ್ಲಿ ಕೈಗೆ ಗೊತ್ತಾಗುವಷ್ಟು ಇರುತ್ತೆ. ಇದಕ್ಕೆ ದುಡ್ಡೇನೂ ಬೇಡ, ಸೆಟ್ಟಿಂಗಿನಲ್ಲಿ ಒತ್ತಿದರಾಯ್ತು.

ಹಾಗಾದರೆ ಓಎಲ್‌ಇಡಿ ತಗೊಳ್ಳಿ ಅಂದುಬಿಡಬಹುದಿತ್ತು. ನಾನು ಮೇಷ್ಟ್ರಿಗೆ ಒಂದೇ ಒಂದು ಪ್ರಶ್ನೆ ಕೇಳಿದೆ: "ಸರ್, ದಿನಕ್ಕೆ ಎಷ್ಟು ಹೊತ್ತು ಏನು ನೋಡ್ತೀರಿ?"

"ಸಿನಿಮಾ ವಾರಕ್ಕೊಂದು ಆದ್ರೆ ಜಾಸ್ತಿ. ಹುಡುಗ ರಾತ್ರಿ ಒಂದು ಗಂಟೆ ಆಡ್ತಾನೆ. ಮನೇಲಿ ಇವಳ ಧಾರಾವಾಹಿ ಸಂಜೆ. ಉಳಿದಂಗೆ ಬೆಳಿಗ್ಗೆ ಆರರಿಂದ ನಿಮ್ಮ ಚಾನೆಲ್ಲೇ."

ಬಂತಲ್ಲ. ಓಎಲ್‌ಇಡಿಯ ಚುಕ್ಕೆ ಸಾವಯವ ವಸ್ತು. ಉರಿದಷ್ಟೂ ಸವೆಯುತ್ತೆ. ಎಲ್ಲ ಚುಕ್ಕೆಗಳೂ ಸಮನಾಗಿ ಸವೆದರೆ ಕಣ್ಣಿಗೆ ಗೊತ್ತಾಗೋದಿಲ್ಲ. ಆದರೆ ಒಂದು ಮೂಲೆಯಲ್ಲಿ ದಿನವಿಡೀ ಒಂದೇ ಲೋಗೋ, ಕೆಳಗೆ ಒಂದೇ ಬಣ್ಣದ ಪಟ್ಟಿ ಇದ್ದರೆ? ಗೋಡೆಗೆ ಹಾಕಿದ ಕ್ಯಾಲೆಂಡರನ್ನು ವರ್ಷದ ಕೊನೆಗೆ ತೆಗೆದಾಗ ಅದರ ಜಾಗ ಬೇರೆ ಬಣ್ಣ ಕಾಣುತ್ತಲ್ಲ, ಹಾಗೆ ಪರದೆಯಲ್ಲಿ ಅಚ್ಚು ಉಳಿಯುತ್ತೆ. ಬರ್ನ್ ಇನ್ ಅಂತಾರೆ. ಒರೆಸಿದರೆ ಹೋಗೋದಲ್ಲ.

ಇದು ನನ್ನ ಊಹೆಯಲ್ಲ. ಟಿವಿಗಳನ್ನು ಪರೀಕ್ಷೆ ಮಾಡುವ ಕೆನಡಾದ ಆರ್‌ಟಿಂಗ್ಸ್ ಸಂಸ್ಥೆ 2018ರಲ್ಲಿ ಒಂದೇ ಮಾದರಿಯ ಆರು ಓಎಲ್‌ಇಡಿ ಟಿವಿಗಳನ್ನು ದಿನಕ್ಕೆ 20 ಗಂಟೆ ಓಡಿಸಿ ನೋಡಿತು. ಎರಡರಲ್ಲಿ ಸಿಎನ್‌ಎನ್ ಸುದ್ದಿ ಚಾನೆಲ್, ಉಳಿದವುಗಳಲ್ಲಿ ಬೇರೆ ಕಾರ್ಯಕ್ರಮ, ಆಟ. ಸಿಎನ್‌ಎನ್ ಓಡಿದ ಪರದೆಗಳಲ್ಲಿ ಚಾನೆಲಿನ ಅಚ್ಚು ಕೂತಿತು. ಹೆಚ್ಚು ಬೆಳಕಿನಲ್ಲಿ ಓಡಿಸಿದ್ದರಲ್ಲಿ ಇನ್ನೂ ಜೋರಾಗಿ. ಅದು ಹಳೇ ಮಾದರಿ, ಈಗಿನವು ಸುಧಾರಿಸಿವೆ. ಆದರೂ ಸವೆಯುವ ಗುಣ ಹೋಗಿಲ್ಲ.

ಸಿಎನ್‌ಎನ್‌ದು ಒಂದು ಲೋಗೋ, ಒಂದು ಪಟ್ಟಿ. ನಮ್ಮದನ್ನ ಒಂದ್ಸಲ ನೋಡಿ ಸ್ವಾಮಿ! ಮೇಲೆ ಲೋಗೋ, ಪಕ್ಕದಲ್ಲಿ ಗಡಿಯಾರ, ಕೆಳಗೆ ಕೆಂಪು ಪಟ್ಟಿ, ಅದರ ಕೆಳಗೆ ಹಳದಿ ಪಟ್ಟಿ, ಅದರ ಕೆಳಗೆ ಸ್ಕ್ರೋಲು, ಎಡಕ್ಕೆ 'ಬ್ರೇಕಿಂಗ್' ಅಂತ ಇನ್ನೊಂದು ಚೌಕ. ನಡುವೆ ಉಳಿದ ಜಾಗದಲ್ಲಿ ನಾನು. ಸುದ್ದಿ ಬದಲಾದರೂ ಪಟ್ಟಿ ಕದಲೋದಿಲ್ಲ. ಕಣ್ಣಿಗೆ ಹೊಡೆಯಲಿ ಅಂತಲೇ ಗಾಢ ಬಣ್ಣ ಆರಿಸಿರುತ್ತೇವೆ. ನಮ್ಮನ್ನು ಬೆಳಗಿನಿಂದ ನೋಡುವ ಮನೆಗೆ ಓಎಲ್‌ಇಡಿ ಬೇಡ ಅಂತ, ನಮ್ಮ ಚಾನೆಲಿನಲ್ಲೇ ಕೂತು ಹೇಳಬೇಕಾಗಿದೆ. ಹೇಳ್ತಿದ್ದೀನಿ. ಮೊಮ್ಮಗನೂ ಕೇಳಿಸಿಕೊಳ್ಳಲಿ, ಆಟದ ಮೂಲೆಯಲ್ಲಿ ಕದಲದೆ ಕೂರುವ ಮ್ಯಾಪು, ಸ್ಕೋರಿಗೂ ಇದೇ ಮಾತು. ಒಂದು ಗಂಟೆ ಆಡುವವನಿಗೆ ಚಿಂತೆ ಇಲ್ಲ ಬಿಡಿ.

ಇನ್ನೊಂದು ವಿಷಯ ಮಲೆನಾಡಿನ ಕಡೆಯವರಿಗೇ ಅಂತ ಇದೆ. ಈ ಸವೆತವನ್ನು ಸರಿದೂಗಿಸೋಕೆ ಓಎಲ್‌ಇಡಿ ಟಿವಿ ತಾನೇ ಒಂದು ಶುಶ್ರೂಷೆ ಮಾಡಿಕೊಳ್ಳುತ್ತೆ. ಒಟ್ಟು ನಾಲ್ಕು ಗಂಟೆಯಷ್ಟು ಓಡಿದ ಮೇಲೆ ರಿಮೋಟಿನಲ್ಲಿ ಆಫ್ ಮಾಡಿದಾಗ, ಒಳಗೊಳಗೇ ಕೆಲವು ನಿಮಿಷ ಚುಕ್ಕೆಗಳನ್ನು ಅಳೆದು ಸರಿ ಮಾಡುತ್ತೆ. ಆಗ ಅದಕ್ಕೆ ಕರೆಂಟು ಇರಬೇಕು. ನಮ್ಮಲ್ಲಿ ಏನು ಮಾಡ್ತೀವಿ? ಗುಡುಗು ಕೇಳಿಸಿದ ಕೂಡಲೇ ಟಿವಿ ಆರಿಸಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಡಿಶ್ಶಿನ ವೈರನ್ನೂ ಬಿಚ್ಚಿ ಇಡ್ತೀವಿ. ಸಿಡಿಲಿನ ದೃಷ್ಟಿಯಿಂದ ಸರಿಯಾದ ಕೆಲಸ, ಬಿಡಬೇಡಿ. ಆದರೆ ಸಿಡಿಲಿಲ್ಲದ ದಿನವೂ ಅದೇ ರೂಢಿ ಮುಂದುವರಿದರೆ ಈ ಶುಶ್ರೂಷೆ ನಡೆಯೋದೇ ಇಲ್ಲ.

ಮತ್ತೆ ಬೆಳಕು. ಮೇಷ್ಟ್ರ ಮನೆ ಹಂಚಿನದು, ಪಡಸಾಲೆಗೆ ಎರಡು ಗಾಜಿನ ಹಂಚು, ಎದುರಿಗೆ ಜಗಲಿ. ಮಧ್ಯಾಹ್ನ ಗಾಜಿನ ಹಂಚಿನ ಬಿಸಿಲು ನೇರ ಪರದೆ ಮೇಲೆ. ಪರದೆ ತುಂಬ ಬೆಳಕು ಬೇಕಾದಾಗ ಓಎಲ್‌ಇಡಿ ಸ್ವಲ್ಪ ಹಿಂದೆ ಬೀಳುತ್ತೆ, ಒಳ್ಳೇ ಎಲ್‌ಸಿಡಿ ಮುಂದಿರುತ್ತೆ.

ನಾನು ಹೇಳಿದ್ದು ಮಿನಿ ಎಲ್‌ಇಡಿ. ಇದೂ ಎಲ್‌ಸಿಡಿಯೇ. ಆದರೆ ಹಿಂದಿನ ಲೈಟು ಒಂದೇ ಅಲ್ಲ, ಸಾವಿರಾರು ಸಣ್ಣ ದೀಪಗಳನ್ನು ನೂರಾರು ಗುಂಪು ಮಾಡಿರುತ್ತಾರೆ, ಕತ್ತಲಿರುವ ಕಡೆಯ ಗುಂಪು ಮಂದವಾಗುತ್ತೆ. ಓಎಲ್‌ಇಡಿಯಷ್ಟು ಕಪ್ಪು ಬರೋದಿಲ್ಲ. ಕಪ್ಪು ಆಕಾಶದಲ್ಲಿ ಚಂದ್ರ ಬಂದರೆ ಸುತ್ತ ಒಂದು ಮಂಜಿನ ಉಂಗುರ ಕಾಣಬಹುದು. ಹತ್ತಿರಕ್ಕಂತೂ ಬರುತ್ತೆ, ಲೋಗೋದ ಭಯ ಇಲ್ಲ, ಹಗಲಿಗೂ ಆಗುತ್ತೆ, 120 ಹರ್ಟ್ಸಿನದೂ ಸಿಗುತ್ತೆ. ಒಳಗಿನ ಪ್ಯಾನೆಲ್ ವಿಎ ಇರಲಿ. ಐಪಿಎಸ್‌ಗಿಂತ ಅದರಲ್ಲಿ ಕಪ್ಪು ಚೆನ್ನಾಗಿರುತ್ತೆ. ಒಂದೇ ತೊಂದರೆ, ಓರೆಯಲ್ಲಿ ಕೂತವರಿಗೆ ಬಣ್ಣ ಪೇಲವ. ಹಬ್ಬಕ್ಕೆ ನೆಂಟರು ಬಂದು ಗೋಡೆಯುದ್ದಕ್ಕೂ ಕೂತರೆ ಕೊನೆಯಲ್ಲಿರುವವರು ಸ್ವಲ್ಪ ಸಹಿಸಿಕೊಳ್ಳಬೇಕು. ಮಗ ಓಎಲ್‌ಇಡಿಯೇ ಆಗಬೇಕು ಅಂತ ಹಟ ಮಾಡಿದರೆ ಅದಕ್ಕೂ ದಾರಿ ಇದೆ. ಹಳೇ ಟಿವಿ ಮಾರಬೇಡಿ, ಸುದ್ದಿ ಧಾರಾವಾಹಿ ಅದರಲ್ಲಿ, ಹೊಸದು ಒಳಮನೆಯ ಕತ್ತಲಲ್ಲಿ ಸಿನಿಮಾ ಆಟಕ್ಕೆ ಮಾತ್ರ.

ಯಾವುದು ತಂದರೂ ಸಿನಿಮಾಗೆ 4ಕೆ ಬೇಕಾದರೆ ಇಂಟರ್‌ನೆಟ್ಟೂ ಬೇಕು. ನೆಟ್‌ಫ್ಲಿಕ್ಸೇ ಸೆಕೆಂಡಿಗೆ 15 ಮೆಗಾಬಿಟ್ ಕೇಳುತ್ತೆ. ಮನೆಗೆ ಫೈಬರ್ ಬಂದಿಲ್ಲದಿದ್ದರೆ, ಮೊಬೈಲ್ ಸಿಗ್ನಲ್ ಹಿಡಿಯೋಕೆ ಅಂಗಳಕ್ಕೆ ಹೋಗಬೇಕಾದ ಊರಾಗಿದ್ದರೆ, ದುಬಾರಿ ಪರದೆಯಲ್ಲಿ ನೋಡೋದು ತಿರುಗುವ ಚಕ್ರವನ್ನೇ.

ಅಂಗಡಿಗೆ ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗ್ತೀರಿ. ಅಲ್ಲಿ ಎಲ್ಲ ಟಿವಿಗಳೂ ವಿವಿಡ್ ಮೋಡಿನಲ್ಲಿ, ಕಂಪನಿ ಕೊಟ್ಟ ಹೂವು ಹಣ್ಣಿನ ವಿಡಿಯೋ ತೋರಿಸ್ತಾ ಇರುತ್ತವೆ. ಅದನ್ನ ತೆಗೆಸಿ. ಸಿನಿಮಾ ಮೋಡ್ ಹಾಕಿಸಿ, ಪೆನ್ ಡ್ರೈವಿನಲ್ಲಿ ರಾತ್ರಿಯ ಒಂದು ದೃಶ್ಯ, ಹೋರಿ ಓಡುವ ಒಂದು ವಿಡಿಯೋ ತಗೊಂಡು ಹೋಗಿ ಅದನ್ನೇ ಹಾಕಿಸಿ, ಪಕ್ಕಕ್ಕೂ ನಿಂತು ನೋಡಿ. ಮೊಮ್ಮಗನನ್ನೂ ಕರಕೊಂಡು ಹೋಗಿ, ಎಚ್‌ಡಿಎಂಐ ಕಿಂಡಿಯ ನಂಬರು ಅವನು ಓದಲಿ. ದುಡ್ಡು ಕೊಡೋ ಮೊದಲು ವಾರಂಟಿ ಕಾರ್ಡ್ ಕೇಳಿ ತಗೊಂಡು ಎರಡು ವಿಷಯ ಹುಡುಕಿ: ಪ್ಯಾನೆಲಿಗೆ ಎಷ್ಟು ವರ್ಷ, ಬರ್ನ್ ಇನ್ ಅದರಲ್ಲಿ ಸೇರಿದೆಯೋ ಇಲ್ಲವೋ. ರಿಪೇರಿಗೆ ಬರುವವನು ಸೊರಬಕ್ಕೆ ಬರ್ತಾನೋ, ಟಿವಿಯನ್ನೇ ಹೊತ್ತುಕೊಂಡು ಬನ್ನಿ ಅಂತಾನೋ, ಅದನ್ನೂ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.