ಸೇನೆಯ ಸಂಬಳ ಯಾರ ಕೈಯಲ್ಲಿ?



ಹದಿನೆಂಟನೆಯ ಶತಮಾನದ ನಡುಭಾಗ. ಮೈಸೂರಿನ ಪರವಾಗಿ ಹೈದರ್ ಅಲಿ ದಿಂಡಿಗಲ್ಲಿನ ಫೌಜುದಾರನಾಗಿದ್ದ ಕಾಲ. ಪಾಳೆಯಗಾರರ ಮೇಲಿನ ಕಾದಾಟದಲ್ಲಿ ಗಾಯಗೊಂಡ ಸಿಪಾಯಿಗಳಿಗೆ ವಾಸಿಯಾಗುವ ತನಕ ತಿಂಗಳಿಗೆ 14 ರೂಪಾಯಿ ಕೊಡುವುದೆಂದು ಗೊತ್ತಾಯಿತು. ಅವರನ್ನು ಎಣಿಸಲು ರಾಜಧಾನಿಯಿಂದ ಅಧಿಕಾರಿಯೊಬ್ಬ ಬಂದ. ನಿಜವಾಗಿ ಗಾಯಗೊಂಡವರು 67 ಮಂದಿ. ಅರಿಸಿನದ ಬಣ್ಣದ ಪಟ್ಟಿ ಕಟ್ಟಿಕೊಂಡು ಅಧಿಕಾರಿಗೆ ಕಾಣಿಸಿಕೊಂಡವರು 700! ಸೇನೆಯ ತಲೆಯೆಣಿಕೆಯಲ್ಲೂ ಇದೇ ಕಥೆ. ಎಣಿಸಿದವರನ್ನೇ ಸುತ್ತು ಹಾಕಿಸಿ 10,000 ಮಂದಿಯನ್ನು 18,000 ಎಂದು ಬರೆಸಿದರಂತೆ. ಇದನ್ನು ದಾಖಲಿಸಿದವನು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ಹೈದರನನ್ನು ಎದುರಿಸಿದ ಪಕ್ಷದವನ ಮಾತು, ಆ ಎಚ್ಚರ ಇಟ್ಟುಕೊಂಡೇ ಓದಬೇಕು. ಆದರೂ ಈ ಬಗೆಯ ವಂಚನೆ ಆ ಕಾಲದ ಯಾವ ಸೇನೆಗೂ ಹೊಸದಾಗಿರಲಿಲ್ಲ.

ಸಂಬಳದ ಲೆಕ್ಕ ಬರೆದವರೆಲ್ಲ ಶತಮಾನಗಳಿಂದ ಹೆಣಗಿದ್ದು ಇದರೊಂದಿಗೇ. ಪಟ್ಟಿಯಲ್ಲಿರುವ ಮನುಷ್ಯ ನಿಜಕ್ಕೂ ಇದ್ದಾನೆಯೇ? ಅವನ ಹೆಸರಿನಲ್ಲಿ ಹೊರಟ ಹಣ ಅವನ ಕೈ ಸೇರಿತೇ?

ದೆಹಲಿಯ ಅಲಾವುದ್ದೀನ್ ಖಿಲ್ಜಿ ಸವಾರರಿಗೆ ನಗದು ಸಂಬಳ ಗೊತ್ತುಮಾಡಿದಾಗ, ಕುದುರೆಗಳಿಗೆ ಮುದ್ರೆ ಒತ್ತಿಸಿದ, ಸವಾರರ ಚಹರೆ ಬರೆಸಿಟ್ಟ. ಒಂದೇ ಕುದುರೆಯನ್ನು ಇಬ್ಬರು ತೋರಿಸಿ ಸಂಬಳ ಎತ್ತಬಾರದು ಎಂಬುದು ಇದರ ಉದ್ದೇಶ. ಅಕ್ಬರ್ 1570ರ ದಶಕದಲ್ಲಿ ಅದೇ ಪದ್ಧತಿಗೆ ಮತ್ತೆ ಜೀವ ಕೊಟ್ಟಾಗ ಸರದಾರರು ಬಹಳವೇ ಮುನಿದರು. ಮೊಗಲರಲ್ಲಿ ಸೇನೆಯ ನೇಮಕ, ಹಾಜರಿ, ಸಂಬಳದ ಕಾಗದಗಳನ್ನು ನೋಡುತ್ತಿದ್ದವನು ಮೀರ್ ಬಕ್ಷಿ. ಖಜಾನೆ ಮಾತ್ರ ದಿವಾನನ ಕೈಯಲ್ಲಿ. ಇಷ್ಟು ಮಂದಿಗೆ ಇಷ್ಟು ಸಲ್ಲಬೇಕೆಂದು ಬರೆಯುವವನು ಒಬ್ಬ, ಹಣದ ಪೆಟ್ಟಿಗೆ ಕಾಯುವವನು ಇನ್ನೊಬ್ಬ. ಮೊಗಲ್ ಆಡಳಿತದ ಅತ್ಯಂತ ಜಾಣ ಏರ್ಪಾಡು ಇದೇ ಎಂದು ನನಗನ್ನಿಸುತ್ತದೆ.

ಹಣವೇ ಇಲ್ಲದಿದ್ದರೆ ಈ ಜಾಣತನದಿಂದ ಪ್ರಯೋಜನವಿಲ್ಲ. ತಿರುಚಿರಾಪಳ್ಳಿಯ ದಂಡಯಾತ್ರೆ, ನಿಜಾಮರಿಗೂ ಮರಾಠರಿಗೂ ತೆತ್ತ ಕಪ್ಪ, ಇವೆಲ್ಲ ಸೇರಿ ಮೈಸೂರಿನ ಬೊಕ್ಕಸ ಬರಿದಾಗಿತ್ತು. 1758ರ ಹೊತ್ತಿಗೆ ತಿಂಗಳುಗಟ್ಟಲೆ ಸಂಬಳ ಕಾಣದ ಸಿಪಾಯಿಗಳು ಸರ್ವಾಧಿಕಾರಿ ನಂಜರಾಜಯ್ಯನ ಮನೆಬಾಗಿಲಲ್ಲಿ ಧರಣಿ ಕೂತರು. ಒಳಗೆ ಅನ್ನ ನೀರು ಹೋಗದಂತೆ ತಡೆದರು. ಆಗ ಹೈದರ್ ತನ್ನ ಲೆಕ್ಕಿಗ ಖಂಡೇರಾವ್‌ನೊಂದಿಗೆ ಬಂದು ಬಾಕಿಯ ಲೆಕ್ಕಗಳನ್ನು ಒಂದೊಂದಾಗಿ ತೆಗೆಸಿ, ಸುಳ್ಳು ಬಾಬುಗಳನ್ನು ಹೊಡೆದುಹಾಕಿ, ಉಳಿದದ್ದನ್ನು ತೀರಿಸಿದ. ದಿಂಡಿಗಲ್ಲಿನಲ್ಲಿ ಸುಳ್ಳು ಲೆಕ್ಕ ಬರೆಸಿದವನಿಗೆ ಸುಳ್ಳು ಎಲ್ಲಿರುತ್ತದೆಂದು ಚೆನ್ನಾಗಿ ಗೊತ್ತಿತ್ತು. ಮೂರೇ ವರ್ಷಗಳಲ್ಲಿ ರಾಜ್ಯದ ಅಧಿಕಾರ ಅವನ ಕೈಯಲ್ಲಿತ್ತು. ಅದಕ್ಕೆ ಅವನ ಯುದ್ಧಕೌಶಲವೊಂದೇ ಕಾರಣವೆನ್ನುವವರು ಈ ಬಟವಾಡೆಯ ಪ್ರಸಂಗವನ್ನು ಮರೆಯುತ್ತಾರೆ.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಕಾನೂನಿನ ನೆರಳಲ್ಲೇ ನಡೆಯುತ್ತಿತ್ತು. ಅಲ್ಲಿ ಸೇನೆಯ ಪೇಮಾಸ್ಟರ್ ಸರ್ಕಾರದ ಹಣವನ್ನು ಮೊದಲೇ ಎತ್ತಿಟ್ಟುಕೊಂಡು, ಲೆಕ್ಕ ಮುಗಿಯುವ ತನಕ ಅದರ ಬಡ್ಡಿಯನ್ನು ತಾನೇ ಉಣ್ಣಬಹುದಿತ್ತು. 1757ರಿಂದ 1765ರವರೆಗೆ ಆ ಹುದ್ದೆಯಲ್ಲಿದ್ದ ಹೆನ್ರಿ ಫಾಕ್ಸ್ ಹೀಗೆಯೇ ಅಪಾರ ಸಂಪತ್ತು ಮಾಡಿದ. ಅವನಿಗಿಂತ ಮುಂಚೆ, 1746ರಲ್ಲಿ, ಅದೇ ಹುದ್ದೆಗೆ ಬಂದ ವಿಲಿಯಂ ಪಿಟ್ ಆ ಬಡ್ಡಿ ತನಗೆ ಬೇಡವೆಂದಿದ್ದ. ಒಬ್ಬನ ಪ್ರಾಮಾಣಿಕತೆ ಅವನೊಂದಿಗೇ ಹೋಯಿತು, ಪದ್ಧತಿ ಉಳಿಯಿತು. ಅದನ್ನು ಮುರಿದವನು 1782ರಲ್ಲಿ ಸ್ವತಃ ಪೇಮಾಸ್ಟರ್ ಆದ ಎಡ್ಮಂಡ್ ಬರ್ಕ್. ಹಣ ಇನ್ನು ಮುಂದೆ ವ್ಯಕ್ತಿಯ ಕೈಯಲ್ಲಲ್ಲ, ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಹುದ್ದೆಯ ಹೆಸರಿನಲ್ಲಿ ಇರಬೇಕೆಂದು ಅವನು ಕಾನೂನು ತಂದ. ತನ್ನ ಕುರ್ಚಿಯ ಲಾಭವನ್ನು ತಾನೇ ಕಡಿದುಕೊಂಡ ಅವನ ಮೇಲೆ ನನಗೆ ಅಪಾರ ಗೌರವ.

ಇಲ್ಲಿ ಕಂಪನಿಯ ಸೈನ್ಯಕ್ಕೂ ಹಣದ ತಗಾದೆ ತಪ್ಪಲಿಲ್ಲ. ಕ್ಲೈವ್ 1766ರಲ್ಲಿ ಇಮ್ಮಡಿ ಭತ್ಯೆ ನಿಲ್ಲಿಸಿದಾಗ ಬಂಗಾಳದ ಬಿಳಿಯ ಅಧಿಕಾರಿಗಳು ಒಟ್ಟಾಗಿ ರಾಜೀನಾಮೆಗೆ ಮುಂದಾದರು. ಮದ್ರಾಸ್ ಸೈನ್ಯದಲ್ಲಿ ಡೇರೆಗಳ ಗುತ್ತಿಗೆಯಿಂದ ಅಧಿಕಾರಿಗಳಿಗೆ ಸಿಗುತ್ತಿದ್ದ ಹಣ ನಿಂತಾಗ, 1809ರಲ್ಲಿ ಶ್ರೀರಂಗಪಟ್ಟಣದ ಕೋಟೆಯಲ್ಲೇ ಬಂಡಾಯ ಎದ್ದಿತು. ಚಿತ್ರದುರ್ಗದಿಂದ ಅವರನ್ನು ಕೂಡಿಕೊಳ್ಳಲು ಹೊರಟ ಪಡೆಯನ್ನು ದಾರಿಯಲ್ಲಿ ತಡೆದವರಲ್ಲಿ ಮೈಸೂರಿನ ಸವಾರರೂ ಇದ್ದರು.

ಇಂದು ನಮ್ಮ ಸರ್ಕಾರಿ ಕಚೇರಿಗಳಲ್ಲಿ ಸಂಬಳದ ಬಿಲ್ಲು ಬರೆಯುವುದು ಬಟವಾಡೆ ಅಧಿಕಾರಿ, ಅದನ್ನು ತಪಾಸಣೆ ಮಾಡಿ ಹಣ ಬಿಡುವುದು ಖಜಾನೆ. ಸೇನೆಯಲ್ಲೂ ಹಾಗೆಯೇ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದ ಜವಾನರಿಗೂ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಜವಾನರಿಗೂ ಸಂಬಳದ ಲೆಕ್ಕ ಬರೆಯುವ ಕಚೇರಿಗಳು ಅಲ್ಲಲ್ಲೇ ಇವೆ. ಆದರೆ ಅವು ಸೇರಿರುವುದು ರಕ್ಷಣಾ ಲೆಕ್ಕಪತ್ರ ಇಲಾಖೆಗೆ. ಅಲ್ಲಿನ ಅಧಿಕಾರಿ ಸೈನಿಕನಲ್ಲ, ದಳದ ಕಮಾಂಡೆಂಟನ ಕೈಕೆಳಗಿನವನೂ ಅಲ್ಲ.