ಲಿವರ್ ಹೊಸದು, ಶುಗರ್ ಎಲ್ಲಿಂದ ಬಂತು?



ಪ್ರದರ್ಶನದ ದೀಪ ಹಚ್ಚಿದ್ದಾಯಿತು. ಮಾತು ಚಿಕ್ಕದಿರಲಿ ಎಂದು ಸಂಘಟಕರು ಕಿವಿಯಲ್ಲಿ ಹೇಳಿದ್ದಾರೆ. ವೈದ್ಯರ ಭಾಷಣದ ಅನುಭವ ಅವರಿಗಿರಬೇಕು. ಒಂದೇ ವಿಷಯ ಹೇಳುತ್ತೇನೆ.

ಲಿವರ್ ಕಸಿಯಾದ ಮೇಲೆ ಸಕ್ಕರೆ ಏರಿತೆಂದರೆ ಮನೆಯಲ್ಲಿ ಹೊರಡುವ ಮೊದಲ ಮಾತು, 'ಬಾಯಿ ಕಟ್ಟಲಿಲ್ಲ, ಅದಕ್ಕೇ.' ಪಥ್ಯ ಬೇಕು, ನಿಜ. ಆದರೆ ತಪ್ಪನ್ನೆಲ್ಲ ರೋಗಿಯ ತಟ್ಟೆಯ ಮೇಲೆ ಹಾಕಬೇಡಿ.

ಬೇರೆ ಕಾರಣಗಳೂ ಇವೆ. ಹೆಪಟೈಟಿಸ್ ಸಿ ವೈರಸ್ ಲಿವರನ್ನು ಗಾಯಗೊಳಿಸಿ ಸುಮ್ಮನಾಗುವುದಿಲ್ಲ. ಇನ್ಸುಲಿನ್ನಿನ ಮಾತನ್ನು ಲಿವರ್ ಕೇಳದಂತೆಯೂ ಮಾಡುತ್ತದೆ. ಕಸಿಯ ಹೊತ್ತಿಗೆ ಆ ವೈರಸ್ ರಕ್ತದಲ್ಲಿದ್ದರೆ ಹೊಸ ಲಿವರನ್ನೂ ಹೊಗುತ್ತದೆ. ಇದರ ಜೊತೆಗೆ, ಬಂದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಔಷಧಿಗಳು. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಟ್ಯಾಕ್ರೋಲಿಮಸ್ ಎಷ್ಟೋ ಜೀವ ಉಳಿಸಿದೆ. ಅದೇ ಮದ್ದು ಮೇದೋಜೀರಕದಿಂದ ಇನ್ಸುಲಿನ್ ಹೊರಬರುವುದನ್ನೂ ತಗ್ಗಿಸುತ್ತದೆ. ಬಂದಷ್ಟು ಇನ್ಸುಲಿನ್ನಿಗೆ ಸ್ಟೀರಾಯ್ಡ್ ಅಡ್ಡ ನಿಲ್ಲುತ್ತದೆ. ಸಕ್ಕರೆಯೊಂದಿಗೆ ಹೆಪಟೈಟಿಸ್ ಬಿ ವೈರಸ್ಸಿನ ನಂಟು ಸಿಯಷ್ಟು ಗಟ್ಟಿಯಾಗಿ ಕಂಡಿಲ್ಲ. ಔಷಧಿಯಿಂದ ಸಕ್ಕರೆ ಏರುತ್ತದೆಂದು ಹೆದರಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಲಿವರೇ ಕೈಬಿಟ್ಟೀತು. ಪ್ರಮಾಣ ಬದಲಿಸುವುದು ನಿಮ್ಮ ವೈದ್ಯರ ಕೆಲಸ.

ಸಿ ವೈರಸ್ಸಿನ ಗುರುತು ಸಿಕ್ಕಿದ್ದು 1989ರಲ್ಲಿ. ಆಗೆಲ್ಲ ಇಂಟರ್‌ಫೆರಾನ್ ಚುಚ್ಚುಮದ್ದಿನಲ್ಲಿ ಜನ ಬಸವಳಿಯುತ್ತಿದ್ದರು, ಗುಣವಾಗುವ ಭರವಸೆಯೂ ಕಡಿಮೆ. ಈಗ ಸುಮಾರು 12 ವಾರ ಮಾತ್ರೆ ನುಂಗಿದರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯಲ್ಲಿ ವೈರಸ್ ಹೋಗುತ್ತದೆ. 2018ರಲ್ಲಿ ಆರಂಭವಾದ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ. ವೈರಸ್ ಹೋದಮೇಲೆ ಹಲವರ ಸಕ್ಕರೆ ಹತೋಟಿಗೆ ಬರುತ್ತದೆ, ಎಲ್ಲರದ್ದೂ ಅಲ್ಲ. ಆದ್ದರಿಂದ ತಪಾಸಣೆ ಬಿಡುವಂತಿಲ್ಲ.

ತಪಾಸಣೆಯಲ್ಲೂ ಒಂದು ಮೋಸವಿದೆ. ಬೆಳಗ್ಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಖಾಲಿ ಹೊಟ್ಟೆಯ ಸಕ್ಕರೆ ಸರಿಯಾಗಿಯೇ ಕಾಣಬಹುದು, ಏರುವುದು ಮಧ್ಯಾಹ್ನದ ಮೇಲೆ. ಕಸಿಯಾದ ಮೊದಲ ತಿಂಗಳುಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ, ರಕ್ತಹೀನತೆ ಇದ್ದರೆ, ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯನ್ನೂ ಪೂರ್ತಿ ನಂಬಲಾಗದು. ಊಟದ ನಂತರದ್ದನ್ನೂ ನೋಡಿಸಿ.

ಪ್ರದರ್ಶನ ಈಗ ತೆರೆದಿದೆ. ಒಳಗೆ ಹೆಪಟೈಟಿಸ್ ಪರೀಕ್ಷೆಯ ಮೇಜಿದೆ. ಕಸಿಯಾದವರು ಮಾತ್ರವಲ್ಲ, ಹಿಂದೆ ಎಂದಾದರೂ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಅಲ್ಲಿಗೆ ಮೊದಲು ಹೋಗಿ. ಚಿತ್ರಪಟಗಳನ್ನು ಆಮೇಲೆ ನೋಡಿದರಾಯಿತು.